ನಿಂತ ನೀರು, ಒಣಗುವ ಬೆಳೆ, ಎರಡೂ ಒಂದೇ ಹೊಲದಲ್ಲಿ: ಬಸಿಗಾಲುವೆ ಹೇಗಿರಬೇಕು?

ಪ್ರಶ್ನೆ: ನಮ್ಮದು 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ, ಜಿಗುಟು ಎರೆಮಣ್ಣಿನ ಹೊಲ. ನೋಡಲು ಸಮತಟ್ಟು, ಒಂದು ಮೂಲೆಗೆ ತುಸು ಇಳಿಜಾರು. ಮೊದಲು ಹದವಾಗಿ ಬೀಳುತ್ತಿದ್ದ ಮಳೆ ಈಗ ಒಂದೇ ಸಂಜೆ 60 ಮಿಲಿಮೀಟರ್ ಸುರಿದು, ಆಮೇಲೆ ಮೂರು ವಾರ ಮುಖ ತೋರಿಸುವುದಿಲ್ಲ. ಸುರಿದಾಗ ನೀರು ಮೂರು ನಾಲ್ಕು ದಿನ ನಿಂತು ಮೆಕ್ಕೆಜೋಳ ಹಳದಿಯಾಗುತ್ತದೆ. ಬಿಸಿಲು ಬಿದ್ದರೆ ಅದೇ ಬೆಳೆ ಹತ್ತೇ ದಿನಕ್ಕೆ ಬಾಡುತ್ತದೆ. ನೆಲದೊಳಗೆ ತೂತಿನ ಪೈಪ್ ಹಾಕಿಸಿ ಎನ್ನುತ್ತಾರೆ. ಹಾಕಿಸಿದರೆ ಇರುವ ತೇವವೂ ಬಸಿದು ಹೋಗುವುದಿಲ್ಲವೇ? ಕಾಲುವೆ ಎಷ್ಟು ದೊಡ್ಡದಿರಬೇಕು?

ಉತ್ತರ: ಮೊದಲು ನಿಮ್ಮ ಭಯದ ವಿಚಾರ. ಬಸಿಗಾಲುವೆಯಾಗಲಿ ಪೈಪಾಗಲಿ, ಮಣ್ಣಿನ ದೊಡ್ಡ ರಂಧ್ರಗಳಲ್ಲಿ ತುಂಬಿಕೊಂಡ, ತನ್ನ ಭಾರಕ್ಕೆ ತಾನೇ ಕೆಳಗಿಳಿಯುವ ನೀರನ್ನು ಮಾತ್ರ ಸೆಳೆಯುತ್ತದೆ. ಕಣಗಳ ಸುತ್ತ ಅಂಟಿಕೊಂಡ ತೇವವನ್ನು ಅದು ಮುಟ್ಟಲಾರದು. ಜಿಗುಟು ಮಣ್ಣಿನಲ್ಲಿ ಹೀಗೆ ಬಸಿಯಬಲ್ಲ ಜಾಗ ಒಟ್ಟು ಗಾತ್ರದ ಶೇ 3ರಿಂದ 5ರಷ್ಟು ಅಷ್ಟೆ. ಮೇಲಿನ 50 ಸೆಂಟಿಮೀಟರ್ ಮಣ್ಣನ್ನು ಪೂರ್ತಿ ಬಸಿದರೂ ಹೊರಗೆ ಹೋಗುವುದು 15ರಿಂದ 25 ಮಿಲಿಮೀಟರ್ ನೀರು. ಅದೇ ಮಣ್ಣಿನ ಒಂದು ಮೀಟರ್ ಆಳದಲ್ಲಿ ಬೇರಿಗೆ ದಕ್ಕುವ ತೇವ 150ರಿಂದ 200 ಮಿಲಿಮೀಟರ್. ಅದು ಅಲ್ಲೇ ಉಳಿಯುತ್ತದೆ.

ಈ ಶೇ 3–5ರ ಲೆಕ್ಕವನ್ನು ತಿರುಗಿಸಿ ನೋಡಿದರೆ ನಿಮ್ಮ ಹೊಲದ ಅರ್ಧ ಕಥೆ ಅಲ್ಲೇ ಇದೆ. ಒಮ್ಮೆ ಹದ ತುಂಬಿದ ಮೇಲೆ ಒಳಗಿಳಿಯುವ ಪ್ರತಿ 1 ಮಿಲಿಮೀಟರ್ ಮಳೆಯೂ ನೆಲದೊಳಗಿನ ನೀರಿನ ಮಟ್ಟವನ್ನು 20ರಿಂದ 33 ಮಿಲಿಮೀಟರ್ ಮೇಲೆತ್ತುತ್ತದೆ. 15 ಮಿಲಿಮೀಟರ್ ಇಳಿದರೆ ಸಾಕು, 30ರಿಂದ 50 ಸೆಂಟಿಮೀಟರ್ ಕೆಳಗಿದ್ದ ನೀರು ನೆಲದ ಮೇಲಕ್ಕೇ ಬಂದು ನಿಲ್ಲುತ್ತದೆ. ನೀವು ಹೇಳುವ 60 ಮಿಲಿಮೀಟರ್ ಇದರ ನಾಲ್ಕು ಪಟ್ಟು.

ಹಳದಿ ಮತ್ತು ಬಾಡು, ಎರಡೂ ಒಂದೇ ರೋಗದ ಎರಡು ಮುಖ. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಮಣ್ಣು ಬೆಚ್ಚಗಿದ್ದರೆ ಬೇರು ಮತ್ತು ಸೂಕ್ಷ್ಮಜೀವಿಗಳು ಸೇರಿ ಒಳಗಿದ್ದ ಆಮ್ಲಜನಕವನ್ನು ಒಂದೆರಡು ದಿನದಲ್ಲಿ ಮುಗಿಸುತ್ತವೆ. ಆಮೇಲೆ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಳ್ಳುತ್ತವೆ, ಹಾಕಿದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುವುದು ಅದಕ್ಕೇ. ಮೆಕ್ಕೆಜೋಳಕ್ಕೆ ಆರು ಎಲೆ ಬರುವವರೆಗೂ ಸುಳಿಯ ಬೆಳೆಯುವ ತುದಿ ನೆಲದ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಆ ಹಂತದಲ್ಲಿ ಪೈರು ಮುಳುಗಿ, ಉಷ್ಣಾಂಶವೂ 25 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ 24 ಗಂಟೆಯಲ್ಲೇ ಸಾಯಬಹುದು. ತಂಪಿದ್ದರೆ ನಾಲ್ಕು ದಿನದವರೆಗೂ ತಡೆದೀತು. ಉಳಿದುಕೊಂಡ ಗಿಡದ ಆಳದ ಬೇರು ಕೊಳೆತು, ಮೇಲಿನ 10–15 ಸೆಂಟಿಮೀಟರಿನ ಬೇರು ಮಾತ್ರ ಜೀವಂತ ಇರುತ್ತದೆ. ಮಳೆ ಹಿಂದೆ ಸರಿದ ಹತ್ತೇ ದಿನಕ್ಕೆ ಬಾಡುವುದು ಈ ಮೋಟು ಬೇರಿನಿಂದ. ಕೆಳಗೆ ತೇವ ಇದ್ದರೂ ಗಿಡಕ್ಕೆ ಕೈಗೆಟುಕುವುದಿಲ್ಲ. ಆದ್ದರಿಂದ ಸರಿಯಾಗಿ ಬಸಿಯುವ ಹೊಲ ಒಣಹವೆಯನ್ನೂ ಹೆಚ್ಚು ದಿನ ತಾಳುತ್ತದೆ. ಆದರೆ ಮಳೆ ಹೀಗೆ ಏರುಪೇರಾದಾಗ ಬಸಿಯುವ ದಾರಿ ಸದಾ ತೆರೆದ ಬಾಯಾಗಿರಬಾರದು, ಕೆರೆಯ ತೂಬಿನಂತಿರಬೇಕು: ಬೇಕೆಂದಾಗ ಬಿಡಬೇಕು, ಬೇಕೆಂದಾಗ ಹಿಡಿಯಬೇಕು.

ಯಾವುದಕ್ಕೂ ಗುದ್ದಲಿ ಎತ್ತುವ ಮೊದಲು ನೀರು ನಿಲ್ಲುವುದಕ್ಕೆ ಕಾರಣ ಯಾವುದೆಂದು ತಿಳಿಯಬೇಕು. ಕಾರಣ ಮೂರಿರಬಹುದು, ಮೂರಕ್ಕೂ ಮದ್ದು ಬೇರೆ. ನೀರು ನಿಲ್ಲುವ ಕಡೆ ಒಂದು, ನಿಲ್ಲದ ಕಡೆ ಒಂದು, 90 ಸೆಂಟಿಮೀಟರ್ ಆಳದ ಗುಂಡಿ ತೆಗೆಯಿರಿ. ಬದಿಯ ಮಣ್ಣನ್ನು ಚಾಕುವಿನಿಂದ ಕೆರೆದು ನೋಡಿ. 20–30 ಸೆಂಟಿಮೀಟರಿನಲ್ಲಿ ಚಾಕು ತಡೆದು, ಬೇರುಗಳು ಅಲ್ಲಿಂದ ಅಡ್ಡಕ್ಕೆ ತಿರುಗಿದ್ದು, ಕೆಳಗಿನ ಮಣ್ಣು ಒಣಗಿದ್ದರೆ ಅದು ಉಳುಮೆಯಿಂದಲೂ ಟ್ರ್ಯಾಕ್ಟರಿನ ಭಾರದಿಂದಲೂ ಆದ ಗಟ್ಟಿ ಪದರ. ನೀರು ಅದರ ಮೇಲೆ ಕುಳಿತಿದೆ. ಬೂದು ಬಣ್ಣದ ಮಣ್ಣಿನಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಆ ಆಳದವರೆಗೆ ವರ್ಷದಲ್ಲಿ ಬಹಳ ದಿನ ನೀರು ಏರಿ ಇಳಿಯುತ್ತಿದೆ ಎಂದರ್ಥ. ಗುಂಡಿಯ ಮೇಲ್ಬದಿಯ ಗೋಡೆಯಿಂದ ಮಾತ್ರ ನೀರು ಜಿನುಗಿದರೆ ಮೇಲಿನ ಜಮೀನಿನ ಬಸಿನೀರು ನಿಮ್ಮ ಹೊಲಕ್ಕೆ ಬರುತ್ತಿದೆ.

ಜೊತೆಗೆ ಮೂರು ನಾಲ್ಕು ಕಡೆ ನೋಟದ ಕೊಳವೆ ನೆಡಿ. 50 ಮಿಲಿಮೀಟರಿನ, 1.5 ಮೀಟರ್ ಉದ್ದದ ಪಿವಿಸಿ ಪೈಪ್. ಕೆಳಗಿನ ಒಂದು ಮೀಟರಿಗೆ ಗರಗಸದಿಂದ ಸೀಳು ಕೊಟ್ಟು ಬಟ್ಟೆ ಸುತ್ತಿ, ಸುತ್ತಲೂ ದಪ್ಪ ಮರಳು ತುಂಬಿ, ಮೇಲಿನ 20 ಸೆಂಟಿಮೀಟರಿಗೆ ಜೇಡಿಮಣ್ಣು ಮೆತ್ತಿ. ಇಲ್ಲದಿದ್ದರೆ ಮೇಲಿನ ನೀರು ಪೈಪಿನ ಗುಂಟ ನೇರ ಇಳಿದು ಲೆಕ್ಕ ಕೆಡಿಸುತ್ತದೆ. ಬಾಯಿಗೆ ಮುಚ್ಚಳ. ಮಳೆ ನಿಂತ 24, 48, 72 ಗಂಟೆಗೆ ಒಳಗೆ ಕಡ್ಡಿ ಇಳಿಸಿ ಒದ್ದೆಯಾದ ಗುರುತು ಅಳೆದು ಬರೆದಿಡಿ. 48 ಗಂಟೆಯ ಹೊತ್ತಿಗೆ ನೀರು ನೆಲದಿಂದ 30 ಸೆಂಟಿಮೀಟರ್ ಕೆಳಗಿಳಿಯದಿದ್ದರೆ ಕೆಲಸ ಬೇಕು. ನೆಲದ ಮೇಲೆ ನೀರಿದ್ದೂ ಕೊಳವೆ ಖಾಲಿಯಿದ್ದರೆ ಗಟ್ಟಿ ಪದರದ ಅನುಮಾನ ಖಾತ್ರಿಯಾಯಿತು; ಅಲ್ಲಿ ಪೈಪ್ ಹಾಕುವುದು ದುಡ್ಡು ಹೂಳಿದ ಹಾಗೆ.

ನಿಮ್ಮ ವಿವರಣೆ ಓದಿದರೆ ನಿಮಗೆ ಪೈಪ್ ಮೊದಲ ಕೆಲಸವಲ್ಲ ಎಂದೇ ಹೇಳುತ್ತೇನೆ. ಕಾರಣ ಪೈಪ್‌ಗಳ ನಡುವಿನ ಅಂತರ. ಡಚ್ ವಿಜ್ಞಾನಿ ಹೂಗ್‌ಹೌಟ್ 1940ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಬಳಕೆಯಲ್ಲಿದೆ. ನೀರು ಮಣ್ಣಿನಲ್ಲಿ ದಿನಕ್ಕೆ ಎಷ್ಟು ಸಾಗುತ್ತದೆ, ಎರಡು ಪೈಪ್‌ಗಳ ಮಧ್ಯೆ ನೀರಿನ ಮಟ್ಟ ಪೈಪಿಗಿಂತ ಎಷ್ಟು ಮೇಲಿರಬಹುದು, ದಿನಕ್ಕೆ ಎಷ್ಟು ನೀರು ತೆಗೆಯಬೇಕು ಎಂಬುದರಿಂದ ಅಂತರ ಹೊರಡುತ್ತದೆ. ದಿನಕ್ಕೆ 7 ಮಿಲಿಮೀಟರ್ ತೆಗೆಯಬೇಕು, ನಡುವಿನ ಮಟ್ಟ ಪೈಪಿಗಿಂತ 40 ಸೆಂಟಿಮೀಟರ್ ಮೇಲಿರಬಹುದು, ಪೈಪಿನ ಕೆಳಗಿನ ಸಮಾನ ಆಳ (ಪೈಪಿನ ಕೆಳಗೆ ನೀರು ಹರಿದುಬರುವ ಮಣ್ಣಿಗೆ ಸೂತ್ರದಲ್ಲಿ ಹಿಡಿಯುವ ದಪ್ಪ) 70 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮಣ್ಣಿನಲ್ಲಿ ನೀರಿನ ಸಾಗಣೆ ದಿನಕ್ಕೆ ಅರ್ಧ ಮೀಟರ್ ಇದ್ದರೆ ಅಂತರ ಸುಮಾರು 14 ಮೀಟರ್. ಜಿಗುಟು ಮಣ್ಣಿನಲ್ಲಿ ಅದು 10 ಸೆಂಟಿಮೀಟರಿಗೆ ಇಳಿದರೆ ಅಂತರ ಆರೂವರೆ ಮೀಟರ್ ಕೂಡ ಬರುವುದಿಲ್ಲ. ಹೆಕ್ಟೇರಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಪೈಪ್! ಯಾವ ಬೆಳೆ ಅದರ ಖರ್ಚು ತೀರಿಸೀತು? ಎರೆಮಣ್ಣಿನಲ್ಲಿ ನೀರನ್ನು ಒಳಗಿಳಿಸಿ ತೆಗೆಯುವುದಕ್ಕಿಂತ ಇಳಿಯುವ ಮೊದಲೇ ಮೇಲಿನಿಂದ ಸಾಗಿಸುವುದು ಲೇಸು.

ಆದ್ದರಿಂದ ಮೇಲ್ಮೈ ಕೆಲಸ ಮೊದಲು. ಹೊಲದ ತಗ್ಗುಗಳನ್ನು ಬೇಸಿಗೆಯಲ್ಲಿ ಗುರುತಿಸಲಾಗದು. ಜೋರು ಮಳೆ ನಿಂತ ಅರ್ಧ ಗಂಟೆಗೆ ಬದುವಿನ ಮೇಲೆ ಸುತ್ತಿ, ನೀರಿನ ಅಂಚಿಗೆಲ್ಲ ಗೂಟ ಹೊಡೆಯಿರಿ. ಯಾವ ನಕ್ಷೆಯೂ ಇಷ್ಟು ಸರಿಯಾಗಿ ಹೇಳದು. ಒಣಗಿದ ಮೇಲೆ 10–15 ಸೆಂಟಿಮೀಟರ್ ತಗ್ಗುಗಳನ್ನು ಉಬ್ಬಿನ ಮಣ್ಣಿನಿಂದಲೇ ಮುಚ್ಚಿ ಸಮ ಮಾಡಿ, ಬಿತ್ತನೆಗೆ ಏರುಮಡಿ ಹಾಕಿ. ಮಡಿ 1.2ರಿಂದ 1.5 ಮೀಟರ್ ಅಗಲ, 15–20 ಸೆಂಟಿಮೀಟರ್ ಎತ್ತರ, ನಡುವೆ 30–45 ಸೆಂಟಿಮೀಟರಿನ ಸಾಲು. ಸಾಲುಗಳು ಇಳಿಜಾರಿನ ಕಡೆ 100 ಮೀಟರಿಗೆ 20–30 ಸೆಂಟಿಮೀಟರ್ ವಾಟದಲ್ಲಿ ಸಾಗಿ ಅಡ್ಡ ಬಸಿಗಾಲುವೆಗೆ ಬೀಳಬೇಕು. ಒಂದು ಸಾಲು 150 ಮೀಟರಿಗಿಂತ ಉದ್ದ ಬೇಡ. ಟ್ರ್ಯಾಕ್ಟರಿನ ಗಾಲಿ ಯಾವಾಗಲೂ ಸಾಲಿನಲ್ಲೇ ಓಡಲಿ, ಮಡಿಯ ಮೇಲೆ ಹತ್ತದಿರಲಿ.

ವಾಟ ಹಿಡಿಯಲು ಲೇಸರ್ ಇಲ್ಲದಿದ್ದರೆ 12 ಮೀಟರಿನ ಪಾರದರ್ಶಕ ಲೆವೆಲ್ ಪೈಪ್ ಸಾಕು. ಗುಳ್ಳೆ ಉಳಿಯದಂತೆ ನೀರು ತುಂಬಿ, ಪ್ರತಿ 10 ಮೀಟರಿಗೆ 2 ಸೆಂಟಿಮೀಟರ್ ಇಳಿಸುತ್ತ ಗೂಟ ನೆಡಿ. ಕೆಲಸ ಯಾವಾಗಲೂ ನೀರು ಹೊರಬೀಳುವ ಮೂಲೆಯಿಂದ ಶುರುವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ತೋಡಿಕೊಂಡು ಬಂದವರಿಗೆ ಕೊನೆಯಲ್ಲಿ ನೀರು ಬಿಡಲು ತಗ್ಗೇ ಸಿಗುವುದಿಲ್ಲ.

ಕಾಲುವೆ ಎಷ್ಟು ದೊಡ್ಡದು ಎಂಬ ಪ್ರಶ್ನೆಗೆ ಲೆಕ್ಕ ಹೀಗಿದೆ. ಒಂದು ಹೆಕ್ಟೇರಿನಲ್ಲಿ 1 ಮಿಲಿಮೀಟರ್ ಮಳೆ ಅಂದರೆ 10 ಘನ ಮೀಟರ್, ಅಂದರೆ 10,000 ಲೀಟರ್. 60 ಮಿಲಿಮೀಟರಿನಲ್ಲಿ 20 ಮಣ್ಣು ಕುಡಿದು 40 ಉಳಿಯಿತೆಂದರೆ ನಿಮ್ಮ 2 ಹೆಕ್ಟೇರಿನಿಂದ ಹೊರಹಾಕಬೇಕಾದ್ದು 800 ಘನ ಮೀಟರ್. 24 ಗಂಟೆಯಲ್ಲಿ ತೆಗೆಯುವುದಾದರೆ ಸೆಕೆಂಡಿಗೆ 9 ಲೀಟರ್ ಚಿಲ್ಲರೆ ಮಾತ್ರ. ಆದರೆ ಮಳೆ 24 ಗಂಟೆ ಸಮನಾಗಿ ಬೀಳುವುದಿಲ್ಲವಲ್ಲ. ಗಂಟೆಗೆ 60 ಮಿಲಿಮೀಟರ್ ವೇಗದಲ್ಲಿ ಸುರಿದು ಅರ್ಧ ಹರಿದರೆ ತುತ್ತತುದಿಯ ಹರಿವು ಸೆಕೆಂಡಿಗೆ 167 ಲೀಟರ್. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು? ಸಮತಟ್ಟು ಹೊಲದಲ್ಲಿ ಸಾಲುಗಳೇ ಒಂದಷ್ಟು ಹೊತ್ತು ನೀರು ಹಿಡಿದಿಡುವುದರಿಂದ ತುದಿಯ ಹರಿವಿಗೆಂದೇ ಕಾಲುವೆ ತೋಡಿ ಜಮೀನು ಕಳೆದುಕೊಳ್ಳುವ ಅಗತ್ಯವಿಲ್ಲ. ತಳ 40 ಸೆಂಟಿಮೀಟರ್, ಆಳ 45 ಸೆಂಟಿಮೀಟರ್, ಬದಿಗಳು ಒಂದಕ್ಕೆ ಒಂದೂವರೆ ವಾಲಿಸಿ (ಆಗ ಬಾಯಿ 1.75 ಮೀಟರ್ ಆಗುತ್ತದೆ), 100 ಮೀಟರಿಗೆ 20 ಸೆಂಟಿಮೀಟರ್ ವಾಟ ಕೊಟ್ಟರೆ, 30 ಸೆಂಟಿಮೀಟರ್ ನೀರು ಓಡುವಾಗ ಅದು ಸೆಕೆಂಡಿಗೆ ಸುಮಾರು 100 ಲೀಟರ್ ಸಾಗಿಸುತ್ತದೆ. 800 ಘನ ಮೀಟರ್ ಖಾಲಿಯಾಗಲು ಎರಡೂಕಾಲು ಗಂಟೆ. ವೇಗ ಸೆಕೆಂಡಿಗೆ 40 ಸೆಂಟಿಮೀಟರ್ ಆದ್ದರಿಂದ ದಂಡೆ ಕೊರೆಯುವ ಭಯವೂ ಇಲ್ಲ. ಕಳೆ ತುಂಬಲು ಬಿಟ್ಟರೆ ಇದೇ ಕಾಲುವೆ ಅರ್ಧಕ್ಕಿಂತ ಕಡಿಮೆ ಸಾಗಿಸುತ್ತದೆ ಎನ್ನುವುದು ನೆನಪಿರಲಿ.

ಇಲ್ಲಿ ಸಾಮಾನ್ಯವಾಗಿ ಆಗುವ ಒಂದು ಎಡವಟ್ಟು: ತೋಡಿದ ಮಣ್ಣನ್ನು ಕಾಲುವೆಯ ಹೊಲದ ಬದಿಗೇ ರಾಶಿ ಹಾಕುವುದು. ಅದೇ ಬದುವಾಗಿ ನಿಂತು, ಹೊಲದ ನೀರು ಕಾಲುವೆಯನ್ನು ಒಂದು ಮಾರು ದೂರದಿಂದ ನೋಡುತ್ತ ನಿಲ್ಲುತ್ತದೆ. ಮಣ್ಣನ್ನು ತಗ್ಗಿಗೆ ಹರಡಿ, ಇಲ್ಲವೇ ಆಚೆ ಬದಿಗೆ ಹಾಕಿ. ಮೇಲಿನ ಜಮೀನಿನಿಂದ ನೀರು ನುಗ್ಗುತ್ತಿದ್ದರೆ ಮೇಲ್ಬದುವಿನ ಗುಂಟ ಇದೇ ಅಳತೆಯ ತಡೆಗಾಲುವೆ ಮಾಡಿ ಸುತ್ತು ಹಾಕಿಸಿ. ಆದರೆ ನಿಮ್ಮ ನೀರನ್ನು ಮಾತುಕತೆ ಇಲ್ಲದೆ ಕೆಳಗಿನವರ ಹೊಲದ ಹೊಸ ಜಾಗಕ್ಕೆ ತಿರುಗಿಸಬೇಡಿ. ಅದು ಮೊದಲು ಹರಿಯುತ್ತಿದ್ದ ಹಳ್ಳಕ್ಕೇ ಸೇರಲಿ.

ಇನ್ನು ಹವಾಮಾನದ ಏರುಪೇರು. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ಶೇ 7 ಹೆಚ್ಚುತ್ತದೆ. ಹೊಡೆದರೆ ಜೋರಾಗಿ ಹೊಡೆಯುವ ಮಳೆಗೆ ಇದೊಂದು ಮುಖ್ಯ ಕಾರಣ. ಹಾಗೆಂದು ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದು ಮಾಡುವುದು ಜಾಣತನವಲ್ಲ. ಸಿಕ್ಕಷ್ಟು ಹಿಂದಿನ ವರ್ಷಗಳ ದಿನವಾರು ಮಳೆಯ ದಾಖಲೆ ತೆಗೆದು, ಐದು ವರ್ಷಕ್ಕೊಮ್ಮೆ ಬರುವಂಥ ಮಳೆಗೆ ಹೊಲದ ಕಾಲುವೆಯನ್ನೂ, 10ರಿಂದ 25 ವರ್ಷಕ್ಕೊಮ್ಮೆ ಬರುವುದಕ್ಕೆ ದಾರಿಯಡಿಯ ಮೋರಿ ಮತ್ತು ಕೊನೆಯ ಹೊರಬಾಯಿಯನ್ನೂ ಅಳೆಯಿರಿ. ಹೆಚ್ಚುವರಿ ಖರ್ಚನ್ನು ಆಮೇಲೆ ಬದಲಿಸಲಾಗದ ಕಡೆ ಮಾಡಿ. ಪೈಪ್‌ಗಳ ಉದಾಹರಣೆಯಲ್ಲೇ ನೋಡಿ: ದಿನಕ್ಕೆ ತೆಗೆಯುವ ನೀರನ್ನು 7ರಿಂದ 10 ಮಿಲಿಮೀಟರಿಗೆ ಏರಿಸಿದರೂ ಅಂತರ 14ರಿಂದ 12 ಮೀಟರಿಗೆ ಇಳಿಯುತ್ತದೆ, ಅಷ್ಟೆ. ಆದರೆ ಎಲ್ಲ ನೀರೂ ಸೇರುವ ದೊಡ್ಡ ಪೈಪ್ 100 ಮಿಲಿಮೀಟರ್ ಬದಲು 150 ಮಿಲಿಮೀಟರ್ ಆದರೆ ಅದೇ ವಾಟದಲ್ಲಿ ಸುಮಾರು ಮೂರು ಪಟ್ಟು ನೀರು ಸಾಗಿಸುತ್ತದೆ. ಇಷ್ಟೆಲ್ಲ ಮಾಡಿಯೂ ಲೆಕ್ಕ ಮೀರಿದ ಮಳೆ ಒಂದು ದಿನ ಬಂದೇ ಬರುತ್ತದೆ. ಅಂದು ನೀರು ಎಲ್ಲಿಂದ ಉಕ್ಕಬೇಕೆಂದು ನೀವೇ ಮೊದಲು ನಿರ್ಧರಿಸಿ, ಅಲ್ಲಿ ಬದುವನ್ನು 3 ಮೀಟರ್ ಅಗಲಕ್ಕೆ 15 ಸೆಂಟಿಮೀಟರ್ ತಗ್ಗಿಸಿ, ಹುಲ್ಲು ಬೆಳೆಸಿ ಅಥವಾ ಕಲ್ಲು ಹಾಸಿ. ಕೋಡಿ ಇಲ್ಲದ ಬದು ಯಾವಾಗಲೂ ಒಡೆಯುವುದು ಒಡೆಯಬಾರದ ಜಾಗದಲ್ಲೇ.

ಹಿಡಿಯುವ ಕೆಲಸಕ್ಕೆ ಬರೋಣ. ಏರುಮಡಿಯ ಸಾಲುಗಳಲ್ಲಿ ಪ್ರತಿ 5ರಿಂದ 10 ಮೀಟರಿಗೆ ಒಂದು ಪುಟ್ಟ ಅಡ್ಡಕಟ್ಟೆ ಹಾಕಿ. ಎತ್ತರ ಸಾಲಿನ ಆಳದ ಅರ್ಧ ಮಾತ್ರ, ಅಂದರೆ 8–10 ಸೆಂಟಿಮೀಟರ್. ಸಣ್ಣ ಮಳೆ ಅಲ್ಲೇ ನಿಂತು ಇಂಗುತ್ತದೆ, ದೊಡ್ಡ ಮಳೆ ಕಟ್ಟೆ ದಾಟಿ ಸಾಲಿನಗುಂಟ ಹೋಗುತ್ತದೆ, ಮಡಿಯ ಮೇಲೆ ಹತ್ತುವುದಿಲ್ಲ. ಕಟ್ಟೆ ಮಡಿಯಷ್ಟೇ ಎತ್ತರವಾದರೆ ಮೊದಲ ಜೋರು ಮಳೆಗೇ ಮಡಿ ಕೊಚ್ಚಿಹೋಗುತ್ತದೆ. ಪೈರು ಎಳೆಯದಾಗಿದ್ದಾಗ, ಅಂದರೆ ಮೊದಲ ಮೂರು ನಾಲ್ಕು ವಾರ, ಸಾಲು ತೆರೆದೇ ಇರಲಿ. ಮುಳುಗಿದರೆ ಹೆಚ್ಚು ನಷ್ಟವಾಗುವುದು ಆಗಲೇ. ಬೇರು ಇಳಿದ ಮೇಲೆ ಎಡೆ ಹೊಡೆಯುವಾಗ ಕಟ್ಟೆ ಹಾಕಿ.

ಹೊರಬಾಯಿಯ ಕೆಳಗೆ ಹೊಂಡಕ್ಕೆ ಜಾಗವಿದ್ದರೆ 20 ಮೀಟರ್ ಚದರ, 3 ಮೀಟರ್ ಆಳ, ಬದಿ ಒಂದಕ್ಕೆ ಒಂದೂವರೆ ವಾಲಿದ್ದು. ಮೇಲೆ ಅರ್ಧ ಮೀಟರ್ ಖಾಲಿ ಬಿಟ್ಟರೆ ಸುಮಾರು 550 ಘನ ಮೀಟರ್ ನಿಲ್ಲುತ್ತದೆ. ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ 20 ದಿನಕ್ಕೆ ಹೋಗುವುದು 40 ಘನ ಮೀಟರ್. ಉಳಿದದ್ದರಲ್ಲಿ ಒಂದು ಹೆಕ್ಟೇರಿಗೆ 50 ಮಿಲಿಮೀಟರಿನ ಒಂದು ನೀರು ಕೊಡಬಹುದು. ಹೂಬಿಡುವ ಹೊತ್ತಿಗೆ ಆ ಒಂದು ನೀರು ಬೆಳೆ ಉಳಿಸುತ್ತದೆ. ನಿಮ್ಮ ಮಣ್ಣು ನೀರನ್ನು ಚೆನ್ನಾಗಿಯೇ ಹಿಡಿಯುತ್ತದೆ, ಬಿರುಕು ಬಿಡದಂತೆ ತಳ ಒದ್ದೆಯಿದ್ದರೆ ಹೊದಿಕೆ ಬೇಕಾಗದು. ಹೊಂಡದ ಮುಂದೆ ಹೂಳು ತಡೆಯುವ ಗುಂಡಿ ಕಡ್ಡಾಯ. ಅದನ್ನು ಪ್ರತಿ ವರ್ಷ ಬಗೆಯುವುದು ಹೊಂಡ ಬಗೆಯುವುದಕ್ಕಿಂತ ಸುಲಭ.

ಗಟ್ಟಿ ಪದರ ಸಿಕ್ಕಿದ್ದರೆ ಆಳದ ರಿಪ್ಪರನ್ನು (ಮಣ್ಣು ಮಗುಚದೆ ಸೀಳುವ ಉದ್ದ ಹಲ್ಲಿನ ಸಲಕರಣೆ) ಪದರದ ಕೆಳಗೆ 5 ಸೆಂಟಿಮೀಟರ್ ಹೋಗುವಂತೆ, ಒಣ ಕಾಲದಲ್ಲಿ ಮಾತ್ರ ಎಳೆಯಿರಿ. ಒದ್ದೆಯಲ್ಲಿ ಎಳೆದರೆ ಒಡೆಯುವ ಬದಲು ಸವರಿದಂತಾಗುತ್ತದೆ. ಉಂಡೆ ಕಟ್ಟಿ ನೆಲಕ್ಕೆ ಹಾಕಿದ ಮಣ್ಣು ಪುಡಿಯಾಗದೆ ಚಪ್ಪಟೆಯಾದರೆ ಅಂದು ಯಂತ್ರ ಇಳಿಸಬೇಡಿ.

ಇಷ್ಟಾದ ಮೇಲೂ ನೋಟದ ಕೊಳವೆಯಲ್ಲಿ ನೀರು ಇಳಿಯದ ಪಟ್ಟಿಗಳು ಉಳಿದರೆ, ಅಲ್ಲಿಗೆ ಮಾತ್ರ ಪೈಪ್. ಏಣುಗಳುಳ್ಳ 80–100 ಮಿಲಿಮೀಟರ್ ತೂತಿನ ಪೈಪ್, 0.8ರಿಂದ 1 ಮೀಟರ್ ಆಳ, 100 ಮೀಟರಿಗೆ ಕನಿಷ್ಠ 10 ಸೆಂಟಿಮೀಟರ್ ವಾಟ. ಒಂದೇ ಕಡೆ ಹಿಂವಾಟ ಬಂದರೂ ಅಲ್ಲಿ ಹೂಳು ಕೂತು ಮೇಲಿನದೆಲ್ಲ ವ್ಯರ್ಥ. ಜಿಗುಟು ಮಣ್ಣಿನಲ್ಲಿ ತೋಡಿನ ಮಣ್ಣನ್ನೇ ತುಂಬಿದರೆ ನೀರು ಪೈಪಿಗೆ ತಲುಪುವುದಿಲ್ಲ; ಉಳುಮೆಯ ಪದರದ ತಳದವರೆಗೂ ಜಲ್ಲಿ ತುಂಬಬೇಕು. ಆ ಜಲ್ಲಿಗೆ ಅಡ್ಡಲಾಗಿ 45–55 ಸೆಂಟಿಮೀಟರ್ ಆಳದಲ್ಲಿ, 2–3 ಮೀಟರಿಗೊಂದರಂತೆ ಮೋಲ್ ನೇಗಿಲಿನ (ಗುಂಡಿನಾಕಾರದ ಮೊನೆಯಿಂದ ನೆಲದೊಳಗೆ ಪೈಪಿಲ್ಲದ ಬಿಲ ಕೊರೆಯುವ ನೇಗಿಲು) ಬಿಲ ಎಳೆದರೆ ಆರೂವರೆ ಮೀಟರಿಗೊಂದು ಪೈಪ್ ಹಾಕುವ ಗೋಜು ತಪ್ಪುತ್ತದೆ. ಮೋಲ್ ಎಳೆಯುವ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ 3 ಮಿಲಿಮೀಟರಿನ ದಾರ ಬಿರಿಯದೆ ಬರಬೇಕು, ಮೇಲ್ಮಣ್ಣು ಒಣಗಿರಬೇಕು. ತೀರ ಬಿರುಕು ಬಿಡುವ ಎರೆಯಲ್ಲಿ ಬಿಲ ಬೇಗ ಮುಚ್ಚಿಕೊಳ್ಳುತ್ತದೆ. ಕ್ಷಾರ ಮಣ್ಣಿನಲ್ಲಿ, ರಸಸಾರ (pH) 8.5 ದಾಟಿ ನಿಂತ ನೀರು ವಾರವಾದರೂ ರಾಡಿಯಾಗಿಯೇ ಇದ್ದರೆ, ಮೊದಲು ಜಿಪ್ಸಮ್. ಬಿಲದ ಮಾತು ಆಮೇಲೆ. ಪೈಪಿನ ಕೊನೆಯ 3 ಮೀಟರ್ ತೂತಿಲ್ಲದ ಗಟ್ಟಿ ಪೈಪ್ ಇರಲಿ, ಕಾಲುವೆಯ ಮಾಮೂಲಿ ನೀರಿಗಿಂತ 15–30 ಸೆಂಟಿಮೀಟರ್ ಮೇಲೆ ಬೀಳಲಿ, ಬಾಯಿಗೆ ಇಲಿ ನುಗ್ಗದ ಜಾಲರಿ ಇರಲಿ. ಪೈಪ್ ಸಾಲಿನ ಮೇಲೆ ಎಲ್ಲೋ ಇದ್ದಕ್ಕಿದ್ದಂತೆ ಬೋಗುಣಿ ಗಾತ್ರದ ಕುಳಿ ಬಿದ್ದರೆ ಕೆಳಗೆ ಪೈಪ್ ಒಡೆದು ಮಣ್ಣು ಎಳೆದುಕೊಳ್ಳುತ್ತಿದೆ ಎಂದು ತಿಳಿದು ಕೂಡಲೇ ಅಗೆಯಿರಿ, ಮುಂದಿನ ಮಳೆಗೆ ಬಿಡಬೇಡಿ.

ಪೈಪ್ ಹಾಕಿದರೆ ತೂಬೂ ಹಾಕಿ. ಹೊರಬಾಯಿಯ ಮುಂಚೆ ಒಂದು ತೊಟ್ಟಿ, ಅದರ ತೋಡಿನಲ್ಲಿ ಒಂದರ ಮೇಲೊಂದು ಕೂರುವ ಹಲಗೆಗಳು. ಹಲಗೆ ಎಷ್ಟು ಎತ್ತರವೋ ಮೇಲಿನ ಹೊಲದಲ್ಲಿ ನೀರಿನ ಮಟ್ಟ ಅಷ್ಟು. ಇಂಥ ಒಂದು ತೂಬು 30–45 ಸೆಂಟಿಮೀಟರ್ ಎತ್ತರ ವ್ಯತ್ಯಾಸದೊಳಗಿನ ಜಾಗವನ್ನಷ್ಟೇ ಆಳುತ್ತದೆ, ಆದ್ದರಿಂದ ಇಳಿಜಾರು ಶೇ 1 ದಾಟಿದರೆ ಉಪಯೋಗವಿಲ್ಲ. ಬಿತ್ತನೆಗೂ ಕೊಯ್ಲಿಗೂ ಎರಡು ವಾರ ಮೊದಲು ಎಲ್ಲ ಹಲಗೆ ತೆಗೆಯಿರಿ. ಬೇರಿಳಿದ ಮೇಲೆ ನೀರಿನ ಮಟ್ಟ ನೆಲದಿಂದ 60 ಸೆಂಟಿಮೀಟರ್ ಕೆಳಗೆ ನಿಲ್ಲುವಷ್ಟು ಏರಿಸಿ. ಭಾರಿ ಮಳೆಯ ಮುನ್ಸೂಚನೆ ಬಂದಾಗ ಎರಡು ದಿನ ಮೊದಲೇ ಇಳಿಸಬೇಕು. ಜಿಗುಟು ಮಣ್ಣು ಬಸಿಯುವುದು ನಿಧಾನ, ಮಳೆ ಶುರುವಾದ ಮೇಲೆ ಹಲಗೆ ಕೀಳುವುದರಿಂದ ಫಲವಿಲ್ಲ. ಮುನ್ಸೂಚನೆ ಸುಳ್ಳಾದರೂ ನಷ್ಟ ಹೆಚ್ಚಿಲ್ಲ, ಹೋಗುವುದು ಕೆಲವೇ ಮಿಲಿಮೀಟರ್. ತೂಬು ಮುಚ್ಚಿ ಮರೆಯುವುದೇ ದೊಡ್ಡ ನಷ್ಟ: ಮಳೆ ಬಂದರೆ ಬೇರು ಕೊಳೆಯುತ್ತದೆ, ಬಾರದಿದ್ದರೆ ಮೇಲ್ಮಟ್ಟದ ನೀರು ಆವಿಯಾಗಿ ಉಪ್ಪನ್ನು ಮೇಲಕ್ಕೆ ತರುತ್ತದೆ. ನೆಲದ ಮೇಲೆ ಬಿಳಿ ಪುಡಿ ಕಂಡರೆ ಹಲಗೆ ಪೂರ್ತಿ ತೆಗೆದು, ಮುಂದಿನ ಮಳೆಯ ನೀರನ್ನು ಉಪ್ಪು ತೊಳೆಯಲು ಇಂಗಿಸಿ ಬಿಡಿ.

ಈ ಸಲದ ಬೆಳೆಗೆ ಹೇಳುವುದಾದರೆ, ನೀರಿಳಿದ ಕೂಡಲೇ ಹೊಲಕ್ಕೆ ಕಾಲಿಡಬೇಡಿ, ಹೆಜ್ಜೆಯಲ್ಲಿ ನೀರು ಒಸರುವುದು ನಿಲ್ಲಲಿ. ಗಿಡ ಹಳದಿಯಿದ್ದು ಹೊಸ ಎಲೆ ಹಸಿರಾಗಿ ಬರುತ್ತಿದ್ದರೆ ಲೀಟರ್ ನೀರಿಗೆ 10–20 ಗ್ರಾಂ ಯೂರಿಯಾ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಬೇರು ಚೇತರಿಸಿದ ಮೇಲೆ, ಒಂದು ವಾರಕ್ಕೆ, ಕಳೆದುಹೋದ ಸಾರಜನಕವನ್ನು ಮಣ್ಣಿಗೆ ಕೊಡಿ. ಸುಳಿ ಎಳೆದಾಗ ಮೆತ್ತಗೆ ಕಿತ್ತು ಬಂದು ವಾಸನೆ ಹೊಡೆದರೆ ಆ ಗಿಡಕ್ಕೆ ಗೊಬ್ಬರ ದಂಡ.